ಅಕ್ಕನ ಅಮೆರಿಕದ ಕೇಕು, ಇಂಗ್ಲೆಂಡಿನ ಅಂಗಡಿ ಸಾಮಾನು

ಇಂಗ್ಲೆಂಡಿಗೆ ಬಂದ ಮೊದಲ ನವೆಂಬರಿನಲ್ಲೇ ನಿಮಗೆ ರಾಜ್ಯೋತ್ಸವದ ಪಾಟ್‌ಲಕ್‌ಗೆ, ಅಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರುವ ಊಟಕ್ಕೆ, ಕರೆ ಬರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಪಟ್ಟಿ ಹಾಕುತ್ತಾರೆ. ಪುಳಿಯೋಗರೆ, ಕೋಸಂಬರಿ, ಬಿಸಿಬೇಳೆಬಾತ್ ಎಲ್ಲವನ್ನೂ ಹಳಬರು ಐದೇ ನಿಮಿಷದಲ್ಲಿ ಹಿಡಿದುಬಿಡುತ್ತಾರೆ. ಕೊನೆಗೆ ಉಳಿಯುವುದು "ಮಕ್ಕಳಿಗೆ ಏನಾದ್ರೂ ಸಿಹಿ". ಅದು ಹೊಸಬರ ತಲೆಗೆ.

ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರು, ಜಿಪಿ ಅನ್ನುವ ಬಡಾವಣೆ ಡಾಕ್ಟರ ಹತ್ತಿರ ಹೆಸರು ಬರೆಸುವುದು, ಕೌನ್ಸಿಲ್ ಟ್ಯಾಕ್ಸು ಅನ್ನುವ ಸ್ಥಳೀಯ ತೆರಿಗೆ, ಇವನ್ನೆಲ್ಲ ಮೊದಲ ತಿಂಗಳಲ್ಲೇ ಮುಗಿಸಿಕೊಳ್ಳಿ. ಅದರ ಬಗ್ಗೆ ಹೇಳೋಕೆ ನನ್ನ ಹತ್ತಿರ ಹೆಚ್ಚೇನಿಲ್ಲ. ಸಿಹಿ ಬಗ್ಗೆ ಬೇಕಾದಷ್ಟಿದೆ.

ನನ್ನ ಸರದಿ ಬಂದಾಗ ನ್ಯೂಜೆರ್ಸಿಯ ಅಕ್ಕನಿಗೆ ಫೋನ್ ಮಾಡಿದೆ. "ಎಕ್ಲೇರ್ ಕೇಕ್ ಮಾಡೇ. ಮೊಟ್ಟೆ ಇಲ್ಲ, ಓವನ್ ಬೇಡ, ಕಣ್ಣು ಮುಚ್ಕೊಂಡು ಮಾಡಬಹುದು" ಅಂದಳು. ಎಕ್ಲೇರ್ಸ್ ಅಂದರೆ ನನಗೆ ಗೊತ್ತಿದ್ದದ್ದು ಸ್ಕೂಲಿನಲ್ಲಿ ಹುಟ್ಟುಹಬ್ಬಕ್ಕೆ ಹಂಚುವ ಚಾಕಲೇಟು. ಇದು ಬೇರೆ. ಟ್ರೇ ತಳಕ್ಕೆ ಗ್ರಹಾಂ ಕ್ರ್ಯಾಕರ್ ಬಿಸ್ಕತ್ತು ಜೋಡಿಸಬೇಕು. ಅದರ ಮೇಲೆ ಇನ್‌ಸ್ಟಂಟ್ ವೆನಿಲಾ ಪುಡಿಂಗಿಗೆ (ಹಾಲಿಗೆ ಪುಡಿ ಹಾಕಿ ಕಡಿದು ಮಾಡುವ, ಕಸ್ಟರ್ಡಿನಂಥದ್ದು) ಕೂಲ್ ವಿಪ್ ಅನ್ನುವ ರೆಡಿಮೇಡ್ ನೊರೆ ಕ್ರೀಮು ಬೆರೆಸಿ ಹರಡಬೇಕು. ಮತ್ತೆ ಬಿಸ್ಕತ್ತು, ಮತ್ತೆ ಕ್ರೀಮು, ಮತ್ತೆ ಬಿಸ್ಕತ್ತು. ತುದಿಗೆ ಡಬ್ಬದ ಚಾಕಲೇಟ್ ಫ್ರಾಸ್ಟಿಂಗ್. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟರೆ ಬಿಸ್ಕತ್ತು ನೆಂದು ಕೇಕಿನ ಹಾಗೆ ಮೆತ್ತಗಾಗುತ್ತದೆ. ಅಷ್ಟೇ.

ಕಣ್ಣು ಮುಚ್ಕೊಂಡು ಮಾಡಬಹುದು, ನಿಜ. ಅಮೆರಿಕದಲ್ಲಿ.

ಇಲ್ಲಿ ಅಂಗಡಿಗೆ ಹೋಗಿ "ಪುಡಿಂಗ್ ಎಲ್ಲಿದೆ" ಅಂತ ಕೇಳಿದೆ. ನವೆಂಬರ್ ಅಲ್ವಾ, ಹುಡುಗ ನೇರವಾಗಿ ಕ್ರಿಸ್‌ಮಸ್ ಪುಡಿಂಗ್ ಮುಂದೆ ನಿಲ್ಲಿಸಿದ. ಕಪ್ಪಗೆ ಗುಂಡಗಿನ ಉಂಡೆ. ಒಣದ್ರಾಕ್ಷಿ, ಬ್ರಾಂಡಿ, ಕೆಲವದರಲ್ಲಿ ದನದ ಕೊಬ್ಬು. ಈ ದೇಶದಲ್ಲಿ ಊಟ ಆದಮೇಲೆ ತಿನ್ನುವ ಯಾವ ಸಿಹಿಯಾದರೂ ಪುಡಿಂಗೇ. ಯಾರ್ಕ್‌ಶೈರ್ ಪುಡಿಂಗ್ ಮಾತ್ರ ಸಿಹಿಯಲ್ಲ. ಬ್ಲ್ಯಾಕ್ ಪುಡಿಂಗ್ ರಕ್ತದಿಂದ ಮಾಡಿದ್ದು, ಅದರ ಹತ್ತಿರ ಹೋಗಬೇಡಿ. ಹೆಸರು ಹಿಡಿದುಕೊಂಡು ಹುಡುಕಿದರೆ ಹೀಗೇ ಆಗುವುದು. ಆ ಸಾಮಾನು ಅಡುಗೆಯಲ್ಲಿ ಏನು ಕೆಲಸ ಮಾಡುತ್ತದೆ ಅಂತ ಮೊದಲು ನೋಡಿ, ಆಮೇಲೆ ಆ ಕೆಲಸ ಮಾಡುವ ಇನ್ನೊಂದನ್ನು ಹುಡುಕಿ. ಇದು ನನ್ನ ತಲೆಗೆ ಹತ್ತಲು ಮೂರು ಟ್ರೇ ಹಾಳಾಗಬೇಕಾಯಿತು.

ಮೊದಲ ಟ್ರೇ ಸ್ಪ್ರೇ ಕ್ರೀಮಿನದು. ಕೂಲ್ ವಿಪ್ ಬೆಳ್ಳಗೆ ನೊರೆ ನೊರೆಯಾಗಿರುತ್ತದೆ ಅಂತ ಅಕ್ಕ ಹೇಳಿದ್ದಳು. ಇಲ್ಲಿ ಒತ್ತಿದರೆ ಬುಸ್ ಅಂತ ಬೆಳ್ಳಗೆ ನೊರೆ ಬರುವ ಡಬ್ಬ ಸಿಕ್ಕಿತು. ಕಣ್ಣಿಗೆ ಎರಡೂ ಒಂದೇ. ಆದರೆ ಡಬ್ಬದ್ದು ಬರೀ ಗ್ಯಾಸಿನಿಂದ ಉಬ್ಬಿದ್ದು, ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ. ಕಾರ್ಯಕ್ರಮ ಇದ್ದದ್ದು ಒಂದು ಚರ್ಚ್ ಹಾಲಿನಲ್ಲಿ. ಸಿಹಿಯ ಮೇಜನ್ನು ಹೀಟರ್ ಪಕ್ಕದಲ್ಲೇ ಹಾಕಿದ್ದರು. ಮಕ್ಕಳ ಡ್ಯಾನ್ಸ್ ಮುಗಿದು, ಭಾಷಣ ಮುಗಿದು, ಊಟಕ್ಕೆ ಕೂರುವಷ್ಟರಲ್ಲಿ ನನ್ನ ಟ್ರೇಯಲ್ಲಿ ಬಿಸ್ಕತ್ತುಗಳು ದೋಣಿಗಳಂತೆ ತೇಲುತ್ತಿದ್ದವು. ಹಿರಿಯರೊಬ್ಬರು ಬಗ್ಗಿ ನೋಡಿ, ತುಂಬಾ ಪ್ರೀತಿಯಿಂದಲೇ, "ಪಾಯಸಾನೇನಮ್ಮ? ಲೋಟ ತರಲಾ?" ಅಂದರು.

ಎರಡನೇ ಸಲ, ಕೂಲ್ ವಿಪ್ ಬದಲಿಗೆ ಕ್ರೀಮನ್ನು ನಾನೇ ಕಡಿಯೋಣ ಅಂತ ಡಬಲ್ ಕ್ರೀಮ್ ತಂದೆ. ಅಕ್ಕನ ಲೆಕ್ಕ ಅಮೆರಿಕದ ಹೆವಿ ಕ್ರೀಮಿನದು. ಅದರಲ್ಲಿ ಕೊಬ್ಬು ಶೇಕಡ 36ರಷ್ಟು. ಇಲ್ಲಿನ ಡಬಲ್ ಕ್ರೀಮಿನಲ್ಲಿ ಶೇಕಡ 48. ಅವಳು ಐದು ನಿಮಿಷ ಕಡಿ ಅಂದಿದ್ದಳು. ನಾನೂ ಬೀಟರ್ ಹಿಡಿದು ಐದು ನಿಮಿಷ ಕಡಿದೆ. ಎರಡನೇ ನಿಮಿಷಕ್ಕೆ ಚೆನ್ನಾಗಿ ಗಟ್ಟಿಯಾಗಿತ್ತು. ನಾಲ್ಕಕ್ಕೆ ಹಳದಿ ಬಣ್ಣ ಬಂತು. ಐದಕ್ಕೆ ಪಾತ್ರೆಯಲ್ಲಿ ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ನೀರು. ಹಾಸನದಲ್ಲಿದ್ದ ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿದೆ. "ಸಕ್ಕರೆ ಹಾಕಿದ್ದೀಯಾ?" "ಇನ್ನೂ ಇಲ್ಲಮ್ಮ." "ಮತ್ತೆ ಅಳೋದ್ಯಾಕೆ, ಕಾಯಿಸಿ ತುಪ್ಪ ಮಾಡು." ತುಪ್ಪ ಚೆನ್ನಾಗಿಯೇ ಆಯಿತು.

ಹಾಗಾಗಿ ಡಬಲ್ ಕ್ರೀಮ್ ತಂದರೆ ಮೂರ್ನಾಲ್ಕು ಚಮಚ ಹಾಲು ಸೇರಿಸಿ ಕಡಿಯಿರಿ, ಬೀಟರಿನ ಗೆರೆ ಮೂಡಿದ ಕೂಡಲೇ ನಿಲ್ಲಿಸಿ. ವಿಪ್ಪಿಂಗ್ ಕ್ರೀಮ್ ಅಂತಲೇ ಸಿಗುತ್ತದೆ, ಹೊಸಬರಿಗೆ ಅದೇ ಕ್ಷೇಮ. ಸಿಂಗಲ್ ಕ್ರೀಮನ್ನು ಸಂಜೆವರೆಗೆ ಕಡಿದರೂ ಗಟ್ಟಿಯಾಗುವುದಿಲ್ಲ.

ಹಾಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಂದಿನಿ ನೀಲಿ ಪ್ಯಾಕೆಟ್ ಅಂದರೆ ಟೋನ್ಡ್ ಹಾಲು, ನಮ್ಮ ಕೈಗೆ ಅಭ್ಯಾಸವಾಗಿಹೋಗಿದೆ. ಇಲ್ಲಿ ನೀಲಿ ಲೇಬಲ್ಲಿನದೇ ಕೆನೆಭರಿತ ಗಟ್ಟಿ ಹಾಲು. ಹಸಿರು ಅರ್ಧ ಕೆನೆ ತೆಗೆದದ್ದು, ಕೆಂಪು ಪೂರ್ತಿ ತೆಗೆದದ್ದು. ಮೊಸರಿಗೂ ಈ ಕೇಕಿಗೂ ನೀಲಿಯೇ ಬೇಕು.

ಪುಡಿಂಗ್ ಪುಡಿಯ ಜಾಗಕ್ಕೆ ಎಲ್ಲರೂ ಹೇಳುವುದು ಏಂಜಲ್ ಡಿಲೈಟ್. ತಣ್ಣನೆ ಹಾಲಿಗೆ ಹಾಕಿ ಕಡಿದರೆ ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಕೆಲಸ ಸುಲಭ, ಆದರೆ ರುಚಿ ನನಗೆ ಸೇರದು. ನಾನು ಈಗ ಬಳಸುವುದು ಬರ್ಡ್ಸ್ ಕಸ್ಟರ್ಡ್ ಪುಡಿ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಇದನ್ನು ಮಾಡಿದ್ದೇ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ ಅಂತ. ಆ ಪುಣ್ಯಾತ್ಮ ಅವತ್ತು ಹೆಂಡತಿಯ ಮಾತು ಕೇಳಿದ್ದಕ್ಕೆ ನಮ್ಮ ಮದುವೆಮನೆಗಳಲ್ಲಿ ಫ್ರೂಟ್ ಸಲಾಡ್ ಬಂತು. 800 ಮಿಲಿ ಹಾಲಿಗೆ ಆರು ಟೇಬಲ್ ಚಮಚ ಪುಡಿ, ಐದು ಚಮಚ ಸಕ್ಕರೆ ಹಾಕಿ ಗಟ್ಟಿಯಾಗಿ ಕಾಯಿಸಿ. ಕೆನೆ ಕಟ್ಟದ ಹಾಗೆ ಕ್ಲಿಂಗ್‌ಫಿಲ್ಮನ್ನು (ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆ) ಕಸ್ಟರ್ಡಿಗೇ ಅಂಟಿಸಿ ಮುಚ್ಚಿಡಿ. ಪೂರ್ತಿ ತಣ್ಣಗಾದ ಮೇಲೆ 300 ಮಿಲಿ ಕ್ರೀಮ್ ಕಡಿದು ಬೆರೆಸಿ. ಬೆಚ್ಚಗಿರುವಾಗಲೇ ಬೆರೆಸಿದರೆ ಮತ್ತೆ ಲೋಟ ತರಬೇಕಾಗುತ್ತದೆ. ಏಲಕ್ಕಿ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ.

ಗ್ರಹಾಂ ಕ್ರ್ಯಾಕರಿಗೆ ಬದಲು ಡೈಜೆಸ್ಟಿವ್ ಅಂತಾರೆ. ರುಚಿ ಹತ್ತಿರವೇ, ಚೀಸ್‌ಕೇಕಿನ ತಳಕ್ಕೆ ಸರಿ. ಆದರೆ ಅದು ದಪ್ಪ, ನೆಂದರೆ ಗೋಧಿ ನುಚ್ಚಿನ ಹಾಗೆ ಉದುರುತ್ತದೆ. ರಿಚ್ ಟೀ ಬಿಸ್ಕತ್ತು ತೆಳ್ಳಗಿದೆ, ಸರಿಯಾಗಿ ನೆನೆಯುತ್ತದೆ. ದುಂಡಗಿರುವುದರಿಂದ ಸಂದುಗಳಿಗೆ ಮುರಿದು ತುಂಬಿ. 23 ಗುಣಿಸು 33 ಸೆಂಟಿಮೀಟರ್ ಟ್ರೇಗೆ ಎರಡು ಪ್ಯಾಕೆಟ್ ಇಟ್ಟುಕೊಳ್ಳಿ. ಮೇಲಿನ ಚಾಕಲೇಟಿಗೆ ಡಬ್ಬದ ಫ್ರಾಸ್ಟಿಂಗ್ ಬೇಡ, ವಿಪರೀತ ಸಿಹಿ. 200 ಮಿಲಿ ಡಬಲ್ ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಮಾತ್ರ ಕಾಯಿಸಿ, 200 ಗ್ರಾಂ ಡಾರ್ಕ್ ಚಾಕಲೇಟಿನ ಚೂರಿಗೆ ಸುರಿದು, ಎರಡು ನಿಮಿಷ ಬಿಟ್ಟು ಕಲಸಿ. ಕುದಿಸಿದರೆ ಎಣ್ಣೆ ಬಿಡುತ್ತದೆ.

ಇನ್ನು ಮೂರನೇ ಟ್ರೇ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಅಂದಕ್ಕೆ ಅಂತ ಮೇಲೆ ಮಾರ್ಷ್‌ಮ್ಯಾಲೋ ಉದುರಿಸಿದ್ದೆ. ಎಲ್ಲರೂ ಹೊಗಳಿ ತಿಂದರು. ಮನೆಗೆ ಬಂದು ಕಸ ಬಿಸಾಡುವಾಗ ಪ್ಯಾಕೆಟ್ಟಿನ ಹಿಂದೆ ಓದಿದೆ: ಹಂದಿಯ ಜೆಲಟಿನ್. ನಮ್ಮೂರಿನ ಪ್ಯಾಕೆಟ್ಟುಗಳ ಹಸಿರು ಚುಕ್ಕಿ ಇಲ್ಲಿ ಕಡ್ಡಾಯವಲ್ಲ. ಅಲರ್ಜಿ ತರುವ 14 ಪದಾರ್ಥಗಳನ್ನು ಮಾತ್ರ ಎದ್ದು ಕಾಣುವ ಹಾಗೆ ಅಚ್ಚು ಮಾಡುತ್ತಾರೆ. ಜೆಲಟಿನ್ ಆ ಪಟ್ಟಿಯಲ್ಲಿಲ್ಲ, ಸಣ್ಣ ಅಕ್ಷರದಲ್ಲಿ ಸುಮ್ಮನೆ ಕೂತಿರುತ್ತದೆ. ಅವತ್ತು ಎರಡು ಸಲ ಹಾಕಿಸಿಕೊಂಡ ಒಬ್ಬರು ಅಜ್ಜಿ ಹೊರಗೆ ನೀರೂ ಕುಡಿಯದವರು. "ನೀನು ಮಾಡಿದ್ದು ಅಂದ್ರೆ ನಂಬಿಕೆ" ಅಂತ ತಿಂದಿದ್ದರು. ಅವರಿಗೆ ಇವತ್ತಿಗೂ ಹೇಳಿಲ್ಲ. ದಯವಿಟ್ಟು ಪ್ಯಾಕೆಟ್ ಹಿಂದೆ ಓದಿ, ಕನ್ನಡಕ ಹಾಕಿಕೊಂಡು ಓದಿ.

ಆಮೇಲೆ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗ ಹೆಮ್ಮೆಯಿಂದ ಒಂದು ತುಂಡು ಕೊಟ್ಟೆ. ಒಂದು ಚಮಚ ತಿಂದರು. ಇನ್ನೊಂದು ಚಮಚ ನಿಧಾನವಾಗಿ ತಿಂದರು. "ಏನಿಲ್ಲ ಕಣೇ, ಜ್ವರ ಬಂದಾಗ ನಿಂಗೆ ಹಾಲಲ್ಲಿ ಮಾರಿ ಬಿಸ್ಕತ್ತು ನೆನೆಸಿ ಕೊಡ್ತಿದ್ನಲ್ಲ, ಅದಕ್ಕೇ ಚಾಕಲೇಟ್ ಬಳಿದಿದ್ದೀಯ" ಅಂದರು. ನಾನೆಲ್ಲಿ ಬಿಡಲಿ, ಮಾರಿ ಬಿಸ್ಕತ್ತು ಹುಡುಕಿಕೊಂಡು ಹೋದೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗಲಿಲ್ಲ, ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. ಮಜಾ ಏನಂದರೆ ಆ ಬಿಸ್ಕತ್ತು ಹುಟ್ಟಿದ್ದೇ ಲಂಡನ್ನಿನ ಬರ್ಮಂಡ್ಸಿಯಲ್ಲಿ. 1874ರಲ್ಲಿ ವಿಕ್ಟೋರಿಯಾ ರಾಣಿಯ ಮಗ ರಷ್ಯಾದ ರಾಜಕುಮಾರಿ ಮರಿಯಾಳನ್ನು ಮದುವೆಯಾದಾಗ ಪೀಕ್ ಫ್ರೀನ್ ಕಂಪನಿ ಅವಳ ಹೆಸರಿನಲ್ಲಿ ಮಾಡಿತು. ಹುಟ್ಟಿದ ಊರಲ್ಲಿ ಅದಕ್ಕೀಗ ನಮ್ಮ ತೊಗರಿಬೇಳೆ ಪಕ್ಕದಲ್ಲೇ ಜಾಗ. ನೆನೆಯುವುದರಲ್ಲಿ ರಿಚ್ ಟೀಯಷ್ಟೇ ಚೆನ್ನಾಗಿದೆ, ಸಿಕ್ಕರೆ ಬಳಸಿ.

ಹೋದ ವರ್ಷ ಮಗಳಿಗೆ ಶಾಲೆಯಲ್ಲಿ "ನಮ್ಮ ಮನೆಯ ಹಬ್ಬದ ಅಡುಗೆ" ಬಗ್ಗೆ ಬರೆಯಲು ಹೇಳಿದ್ದರು. ಅವಳು ಬರೆದದ್ದು ಈ ಕೇಕಿನ ಬಗ್ಗೆ. ಪದರ ಪದರವಾಗಿ ಚಿತ್ರ ಬೇರೆ. ಹೋಳಿಗೆ ಯಾಕೆ ಬರೀಲಿಲ್ಲ ಪುಟ್ಟಿ ಅಂದೆ. "ಅದು ನೀನು ಅಂಗಡಿಯಿಂದ ತರ್ತೀಯಲ್ವಾ ಅಮ್ಮ" ಅಂದಳು.

ಯುಗಾದಿಗೆ ಕಡಲೆಬೇಳೆ ನೆನೆಹಾಕಿದೆ. ಕಣಕ ಸರಿಯಾಗಲಿಲ್ಲ. ಮೊದಲ ಎರಡು ಹೋಳಿಗೆ ತವಾ ಮೇಲೆ ಹರಿದು ಹೂರಣ ಸೀದುಹೋಯಿತು. ಮೂರನೆಯದು ಹೇಗೋ ದುಂಡಗೆ ಬಂತು, ಅದನ್ನು ಅವಳ ತಟ್ಟೆಗೆ ಹಾಕಿದೆ. ತುಪ್ಪ, ಬಿಸಿ ಹಾಲು ಎರಡೂ ಮೇಜಿನ ಮೇಲಿದ್ದವು. ಅವಳು ಎದ್ದು ಹೋಗಿ, ಫ್ರಿಜ್ಜಿನಿಂದ ಡಬಲ್ ಕ್ರೀಮ್ ತಂದು ಹೋಳಿಗೆ ಮೇಲೆ ಸುರಿದುಕೊಂಡಳು. ನಾನು ಸುಮ್ಮನೆ ನಾಲ್ಕನೆಯದನ್ನು ತಟ್ಟತೊಡಗಿದೆ.