ಸ್ಕ್ಯಾನಿಂಗ್ ನಾರ್ಮಲ್, ಕೆಳಹೊಟ್ಟೆ ನೋವು ಮಾತ್ರ ಹೋಗ್ತಿಲ್ಲ ಅನ್ನೋರಿಗೆ

ಕೆಳಹೊಟ್ಟೆಲಿ ಸದಾ ಏನೋ ಭಾರ, ಒಳಗಿಂದ ಕೆಳಗೆ ಜಗ್ಗಿದ ಹಾಗೆ, ಕೂತ್ರೆ ಒಂಥರಾ ನಿಂತ್ರೆ ಒಂಥರಾ, ಯೂರಿನ್ ಟೆಸ್ಟಲ್ಲಿ ಏನಿಲ್ಲ, ಸ್ಕ್ಯಾನಿಂಗಲ್ಲೂ ಏನಿಲ್ಲ, ಡಾಕ್ಟ್ರು "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿಬಿಡ್ತಾರೆ. ಹೊರಗೆ ಬಂದ್ರೆ ನೋವು ಹಾಗೇ ಇರತ್ತೆ, ಜೊತೆಗೆ ಇದೆಲ್ಲ ನನ್ನ ಕಲ್ಪನೇನಾ ಅನ್ನೋ ಅನುಮಾನ ಬೇರೆ ಶುರುವಾಗತ್ತೆ. ನಾನು ಎರಡು ವರ್ಷ ಹೀಗೇ ಕಳೆದೆ, ಇನ್ನೊಬ್ಬರದ್ದೂ ಹೀಗೆ ಎರಡು ವರ್ಷ ಹಾಳಾಗೋದು ಬೇಡ ಅಂತಾನೇ ಇದನ್ನ ಬರೀತಿರೋದು.

ಒಂದು ವಿಷಯ ಗಟ್ಟಿಯಾಗಿ ತಲೇಲಿ ಇಟ್ಕೊಳ್ಳಿ. ರಿಪೋರ್ಟ್ ನಾರ್ಮಲ್ ಅಂದ್ರೆ ಆ ಟೆಸ್ಟಲ್ಲಿ ಕಾಣೋಂಥದ್ದು ಏನೂ ಸಿಕ್ಕಿಲ್ಲ ಅಂತ ಅಷ್ಟೇ. ಎಂಡೊಮೆಟ್ರಿಯೋಸಿಸ್ ತಗೊಳ್ಳಿ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ ಬೆಳೆಯೋ ಕಾಯಿಲೆ, ಮುಟ್ಟಾಗೋ ವಯಸ್ಸಿನ ಹೆಂಗಸರಲ್ಲಿ ಸುಮಾರು 10 ಜನಕ್ಕೆ ಒಬ್ರಿಗೆ ಇರತ್ತೆ, ಮೇಲ್ಮೇಲೆ ತೆಳ್ಳಗೆ ಅಂಟಿಕೊಂಡಿದ್ರೆ ಮಾಮೂಲಿ ಸ್ಕ್ಯಾನಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ಬಿಗಿಯಾದ ಸ್ನಾಯು, ಕೆರಳಿದ ನರ, ಇವೂ ಸ್ಕ್ಯಾನಲ್ಲಿ ಸಾಮಾನ್ಯವಾಗಿ ಕಾಣಲ್ಲ.

ಮುಂದೆ ಹೇಳೋದೆಲ್ಲ ನಿಧಾನಕ್ಕೆ ನೋಡೋ ನೋವಿಗೆ, ಆದ್ರೆ ಕೆಲವಕ್ಕೆ ಒಂದು ದಿನಾನೂ ಕಾಯೋ ಹಾಗಿಲ್ಲ. ಇದ್ದಕ್ಕಿದ್ದ ಹಾಗೆ ಜೋರಾಗಿ ನೋವು ಬಂದು ವಾಂತಿ ಆಗ್ತಿದ್ರೆ ಓವರಿ (ಅಂಡಾಶಯ) ತಿರುಚಿಕೊಂಡಿರಬಹುದು, ಪ್ರೆಗ್ನೆಂಟ್ ಆಗಿರೋ ಸಾಧ್ಯತೆ ಸ್ವಲ್ಪ ಇದ್ರೂ ನೋವಿನ ಜೊತೆ ತಲೆ ಸುತ್ತು, ರಕ್ತಸ್ರಾವ, ಭುಜದ ತುದೀಲಿ ನೋವು ಬಂದ್ರೆ ಗರ್ಭಕೋಶದ ಹೊರಗೆ ಗರ್ಭ ನಿಂತಿರಬಹುದು, ಜ್ವರ ಮತ್ತೆ ವಾಸನೆ ಇರೋ ಬಿಳಿಸೆರಗು ಇದ್ರೆ ಇನ್ಫೆಕ್ಷನ್ ಇರಬಹುದು, ಇವಕ್ಕೆಲ್ಲ ತಕ್ಷಣ ಆಸ್ಪತ್ರೆ. ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ, ಯೂರಿನ್ನಲ್ಲಿ ರಕ್ತ ಬಂದ್ರೆ, ಸುಮ್ನೆ ತೂಕ ಇಳೀತಿದ್ರೆ ಬೇಗ ತೋರಿಸಿ. 50 ದಾಟಿದೋರಿಗೆ ಹೊಸದಾಗಿ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಪದೇ ಪದೇ ಯೂರಿನ್, ಕೆಳಹೊಟ್ಟೆ ನೋವು, ಇವು ತಿಂಗಳಲ್ಲಿ 12 ಸಲಕ್ಕಿಂತ ಜಾಸ್ತಿ ಆಗ್ತಿದ್ರೆ ಓವರಿ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಲೇಬೇಕು. ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಿದೆ ಅಂತ ಸುಮ್ನಿರಬೇಡಿ, ಅದು ಗರ್ಭಕಂಠಕ್ಕೆ ಮಾಡೋದು, ಓವರಿಗಲ್ಲ.

ಇವ್ಯಾವೂ ಇಲ್ಲ ಅಂದ್ರೆ ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ, ಮೊಬೈಲಾದ್ರೂ ಸರಿ, ಕಡಿಮೆ ಅಂದ್ರೆ ಎರಡು ಮುಟ್ಟಿನ ಸುತ್ತು ಬರೀರಿ. ನೋವು 0ಯಿಂದ 10ರಲ್ಲಿ ಎಷ್ಟು, ಮುಟ್ಟಿನ ಎಷ್ಟನೇ ದಿನ, ಎಲ್ಲಿ ನೋವು, ಹೇಗಿದೆ, ಉರಿನಾ ಸೆಳೆತನಾ ಭಾರನಾ, ಏನು ಮಾಡ್ದಾಗ ಜಾಸ್ತಿ ಆಯ್ತು, ಏನು ಮಾಡ್ದಾಗ ಇಳೀತು, ಯೂರಿನ್ ಎಷ್ಟು ಸಲ, ಮೋಷನ್ ಹೇಗಿತ್ತು, ಸೆಕ್ಸ್ ಟೈಮಲ್ಲಿ ಅಥವಾ ಮಾರನೇ ದಿನ ನೋವಿತ್ತಾ, ಎಲ್ಲಾನೂ, ನಾಚಿಕೆ ಬಿಟ್ಟು. ನಾನು ಮೊದಲು ಬರೀ ನೋವು ಅಂತ ಬರೀತಿದ್ದೆ, ಅದರಿಂದ ಯಾರಿಗೂ ಏನೂ ಗೊತ್ತಾಗ್ಲಿಲ್ಲ. ಯೂರಿನ್ ತುಂಬಿದಾಗ ನೋವು ಏರತ್ತೆ, ಹೋಗಿಬಂದ್ರೆ ಅರ್ಧ ಗಂಟೆ ಆರಾಮು ಅಂತ ಬರೆಯೋಕೆ ಶುರು ಮಾಡಿದ ಮೇಲೇನೇ ಮಾತು ಮುಂದಕ್ಕೆ ಹೋಗಿದ್ದು.

ಯಾಕಂದ್ರೆ ನೋವಿನ ನಡವಳಿಕೇಲೇ ಸುಳಿವು ಇರತ್ತೆ. ಯೂರಿನ್ ತುಂಬಿದಂಗೆ ನೋವು ಏರಿ ಖಾಲಿ ಆದ್ಮೇಲೆ ಇಳಿದ್ರೆ, ಯೂರಿನ್ ಕಲ್ಚರಲ್ಲಿ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಯತ್ತಾ ಅಂತ ನೋಡೋ ಟೆಸ್ಟ್) ಬ್ಯಾಕ್ಟೀರಿಯಾನೂ ಬರ್ದೇ ಇದ್ರೆ, ಮೂತ್ರಕೋಶದ ನೋವಿನ ಸಮಸ್ಯೆ ಇರಬಹುದು, ಇಂಥದ್ರಲ್ಲಿ ಕಲ್ಚರ್ ಮಾಡಿಸ್ದೇ ಮತ್ತೆ ಮತ್ತೆ ಆಂಟಿಬಯಾಟಿಕ್ ನುಂಗೋದು ಸುಮ್ನೆ ದಂಡ. ಸಂಜೆ ಹೊತ್ತಿಗೆ, ಜಾಸ್ತಿ ಹೊತ್ತು ನಿಂತಾಗ ಭಾರ ಜಾಸ್ತಿ ಆಗಿ ಮಲಗಿದ್ರೆ ಹಗುರ ಆದ್ರೆ ಗರ್ಭಕೋಶ ಅಥವಾ ಮೂತ್ರಕೋಶ ಜಾರಿರೋದನ್ನ, ಇಲ್ಲಾಂದ್ರೆ ಒಳಗಿನ ರಕ್ತನಾಳಗಳು ಉಬ್ಬಿರೋದನ್ನ ನೋಡಬೇಕು. ಕೂತ್ರೆ ಉರಿ, ಟಾಯ್ಲೆಟ್ ಸೀಟ್ ಮೇಲೆ ಕೂತಾಗ ಮಾತ್ರ ಆರಾಮು ಅಂದ್ರೆ ಅಲ್ಲಿನ ನರದ ತೊಂದರೆ ಇರಬಹುದು. ಮೋಷನ್ ಆದ್ಮೇಲೆ ನೋವು ಏರಿಳಿದ್ರೆ ಕರುಳಿನ ಕಡೆ ನೋಡಿ. ಮುಟ್ಟಿನ ಮುಂಚೆಯಿಂದ್ಲೇ ಶುರುವಾಗಿ ಮೋಷನ್ ಮಾಡೋವಾಗ್ಲೂ ಚುಚ್ಚಿದ್ರೆ ಎಂಡೊಮೆಟ್ರಿಯೋಸಿಸ್ ಬಗ್ಗೆ ನೀವೇ ಹೆಸರು ಹೇಳಿ ಕೇಳಿ. ಎಷ್ಟೋ ಜನಕ್ಕೆ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರತ್ತೆ, ಅದಕ್ಕೇ ಒಂದಕ್ಕೆ ಔಷಧಿ ಕೊಟ್ರೂ ಪೂರ್ತಿ ಹೋಗಲ್ಲ.

ಈಗ ನನ್ನ ವಿಷಯ. ನೋವು ಅಂದ ತಕ್ಷಣ ಎಲ್ರೂ ಕೆಗಲ್ ಮಾಡಿ ಅಂದ್ರು, ಅಂದ್ರೆ ಯೂರಿನ್ ತಡೆಯೋ ಹಾಗೆ ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡೋ ವ್ಯಾಯಾಮ, ನಾನೂ ದಿನಕ್ಕೆ ನೂರು ಸಲ ಬಿಗಿ ಹಿಡಿದೆ, ನೋವು ದುಪ್ಪಟ್ಟಾಯ್ತು. ಪೆಲ್ವಿಕ್ ಫ್ಲೋರ್ ಅಂತ ಕೆಳಗಡೆ ಜೋಲಿ ಥರ ಇರೋ ಸ್ನಾಯುಗಳಿವೆ, ಒಳಗಿನ ಅಂಗಗಳನ್ನೆಲ್ಲ ಹಿಡಿದಿರೋದು ಅವೇ, ನನಗೆ ಅವು ಸಡಿಲ ಆಗಿರಲಿಲ್ಲ, ಸದಾ ಮುಷ್ಟಿ ಕಟ್ಟಿದ ಹಾಗೆ ಬಿಗಿಯಾಗಿದ್ವು. ಬಿಗಿಯಾಗಿರೋದನ್ನ ಇನ್ನೂ ಬಿಗಿ ಮಾಡಿದ್ರೆ ನೋಯ್ದೇ ಇರತ್ತಾ? ಯಾರಾದ್ರೂ ಪರೀಕ್ಷೆ ಮಾಡಿ ನಿಮ್ಮದು ಸಡಿಲನೋ ಬಿಗಿನೋ ಹೇಳೋವರೆಗೂ ಕೆಗಲ್ ಮುಟ್ಟಬೇಡಿ.

ಅಲ್ಲೀವರೆಗೆ ಮನೇಲಿ ಮಾಡಬಹುದಾದ್ದು ಇಷ್ಟು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ ಕೆಳಗೆ ದಿಂಬಿಟ್ಟು, ಹೊಟ್ಟೆ ಉಬ್ಬೋ ಹಾಗೆ ಮೂಗಲ್ಲಿ ನಿಧಾನಕ್ಕೆ ಉಸಿರು ತಗೊಳ್ಳಿ, ಉಸಿರು ಒಳಗೆ ಹೋಗೋವಾಗ ಕೆಳಗಿನ ಸ್ನಾಯು ಕೂಡ ಕೆಳಕ್ಕೆ ಬಿಚ್ಚಿಕೊಳ್ಳತ್ತೆ, ಅದನ್ನ ಗಮನಿಸಿ, ದಬ್ಬೋದು ಬೇಡ, ದಿನಾ ಐದೈದು ನಿಮಿಷ ಎರಡು ಸಲ ಸಾಕು. ಕೆಳಹೊಟ್ಟೆಗೆ ಅಥವಾ ಸೊಂಟಕ್ಕೆ ಬಿಸಿನೀರಿನ ಬ್ಯಾಗ್ ಬಟ್ಟೆ ಸುತ್ತಿ ಇಡಿ. ಯೂರಿನ್ ಮಾಡೋವಾಗ ಸೀಟಿಗೆ ತಾಗದ ಹಾಗೆ ಅರ್ಧ ಬಗ್ಗಿ ನಿಲ್ಲೋದು, ತಿಣುಕೋದು ಬೇಡ, ಪೂರ್ತಿ ಕೂತ್ಕೊಳ್ಳಿ. ಮಲಬದ್ಧತೆ ಇದ್ರೆ ಮೊದಲು ಅದನ್ನ ಸರಿ ಮಾಡ್ಕೊಳ್ಳಿ, ವೆಸ್ಟರ್ನ್ ಟಾಯ್ಲೆಟ್ ಆದ್ರೆ ಕಾಲಿನ ಕೆಳಗೆ ಸಣ್ಣ ಸ್ಟೂಲ್ ಇಟ್ರೆ ಮಂಡಿ ಮೇಲೆ ಬಂದು ಸಲೀಸಾಗತ್ತೆ. ಮುಟ್ಟಿನ ನೋವಿಗೆ ಐಬುಪ್ರೊಫೆನ್ ಥರದ ಮಾತ್ರೆ ನೋವು ಏರಿದ ಮೇಲಲ್ಲ, ಶುರುವಾಗ್ತಿದ್ದಂಗೇ ತಗೊಂಡ್ರೆ ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ಅಲ್ಸರ್, ಕಿಡ್ನಿ ತೊಂದರೆ, ಪ್ರೆಗ್ನೆನ್ಸಿ ಇದ್ರೆ ಕೇಳದೇ ತಗೋಬೇಡಿ.

ಡಾಕ್ಟರ್ ಹತ್ರ ಹೋಗೋವಾಗ ಆ ನೋಟ್‌ಬುಕ್ಕಿಂದ ಒಂದೇ ಪುಟ ಬರ್ಕೊಂಡು ಹೋಗಿ, ಮೊದಲ ಸಾಲಲ್ಲಿ ಎಷ್ಟು ತಿಂಗಳಿಂದ, ಇದರಿಂದ ಏನೇನು ಮಾಡೋಕಾಗ್ತಿಲ್ಲ ಅಂತ ಇರ್ಲಿ, ಆರು ತಿಂಗಳು ದಾಟಿದ್ರೆ ಅದನ್ನ ಒತ್ತಿ ಹೇಳಿ. ಏನೂ ಇಲ್ಲ ಅಂದ್ರೆ ಜಗಳ ಬೇಡ, "ಹಾಗಾದ್ರೆ ಯಾವ್ಯಾವುದು ಅಲ್ಲ ಅಂತ ಗ್ಯಾರಂಟಿ ಆಯ್ತು, ಯಾವುದು ಇನ್ನೂ ನೋಡಿಲ್ಲ?" ಅಂತ ಕೇಳಿ, ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ಹತ್ರ ಕಳಿಸ್ತೀರಾ ಅಂತಲೂ ಕೇಳಿ. ಅಲ್ಲಿ ಕೈಯಿಂದ ಒಳಗಿನ ಪರೀಕ್ಷೆ ಮಾಡಬಹುದು, ನನಗೆ ಅದರದ್ದೇ ಭಯ ಇತ್ತು. ಬೇಡ ಅನ್ನೋ ಹಕ್ಕು ನಿಮಗಿದೆ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಬಹುದು, ನಡುವೆ ನಿಲ್ಲಿಸಿ ಅಂದ್ರೆ ನಿಲ್ಲಿಸ್ಲೇಬೇಕು, ಮೊದಲನೇ ದಿನ ಬರೀ ಉಸಿರಾಟ ಕಲಿತು ವಾಪಸ್ ಬಂದ್ರೂ ನಡೆಯತ್ತೆ. ನಾನು ಹಾಗೇ ಶುರು ಮಾಡಿದ್ದು, ಮೂರನೇ ಸಲ ಹೋದಾಗ ಪರೀಕ್ಷೆಗೆ ಒಪ್ಕೊಂಡೆ.