ಸಣ್ಣ ಕಾಲೇಜುಗಳ ಫುಟ್ಬಾಲ್ ಆಟಗಾರರನ್ನು ಗೌರವಿಸುವ ಬಗೆ

ಕೌಟುಂಬಿಕ ಹಾಕಿ ಉತ್ಸವವನ್ನು 1997ರಿಂದ ಸಂಭ್ರಮಿಸುತ್ತಿರುವ ಕೊಡಗಿನಲ್ಲಿ ಫುಟ್ಬಾಲಿಗೂ, ವಿಶೇಷವಾಗಿ ಸೋಮವಾರಪೇಟೆ, ಪೊನ್ನಂಪೇಟೆಯಂತಹ ಕಡೆಗಳ ಸಣ್ಣ ಕಾಲೇಜುಗಳ ಆಟಗಾರರಿಗೂ ಗೌರವ ಸಲ್ಲಬೇಕು. ಅದಕ್ಕೆ ಮೊದಲು ಸಣ್ಣ ಕಾಲೇಜು ಎಂದರೆ ಎಷ್ಟು ವಿದ್ಯಾರ್ಥಿಗಳಿರುವುದು ಎಂಬ ಮಿತಿಯನ್ನು ಪಂದ್ಯಾವಳಿ ಆರಂಭವಾಗುವ ಮುನ್ನವೇ ಲಿಖಿತವಾಗಿ ನಿಗದಿಪಡಿಸಿರಿ.

ಆಯ್ಕೆಯೇ ಕಷ್ಟದ ಕೆಲಸ. ಗೋಲುಗಳನ್ನಷ್ಟೇ ಎಣಿಸಿದರೆ ಪ್ರಶಸ್ತಿಗಳೆಲ್ಲ ಮುನ್ಪಡೆಯ ಆಟಗಾರರಿಗೇ ಹೋಗುತ್ತವೆ. ಆದ್ದರಿಂದ ಗೋಲ್‌ಕೀಪರ್, ರಕ್ಷಣೆ, ಮಧ್ಯಪಡೆ, ಮುನ್ಪಡೆ ಎಂದು ನಾಲ್ಕು ವಿಭಾಗಗಳನ್ನು ಮಾಡಿ, ಎದುರಾಳಿಯಿಂದ ಚೆಂಡು ಕಸಿದುಕೊಂಡದ್ದು, ನಿಖರವಾಗಿ ಪಾಸ್ ನೀಡಿದ್ದು, ಗೋಲಿನತ್ತ ಬಂದ ಹೊಡೆತಗಳನ್ನು ತಡೆದದ್ದು ಇವೆಲ್ಲವನ್ನೂ ಪಂದ್ಯ ನಡೆಯುತ್ತಿರುವಾಗಲೇ ದಾಖಲಿಸಬೇಕು. ದುರ್ಬಲ ತಂಡದ ಗೋಲ್‌ಕೀಪರ್ ಐದು ಗೋಲು ಬಿಟ್ಟುಕೊಟ್ಟಿದ್ದರೂ ಹತ್ತು ಹೊಡೆತಗಳನ್ನು ತಡೆದಿರಬಹುದು. ಅಂಥವರನ್ನು ಗುರುತಿಸದ ಪ್ರಶಸ್ತಿ ನನ್ನ ದೃಷ್ಟಿಯಲ್ಲಿ ಅಪೂರ್ಣ. ತೀರ್ಪುಗಾರರು ತಮ್ಮ ಕಾಲೇಜಿನ ಆಟಗಾರರಿಗೆ ಅಂಕ ನೀಡುವಂತಿರಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಕಾಟವಿರುವುದರಿಂದಲೂ, ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳೆಗಾರರಿಗೂ ಕಾರ್ಮಿಕರಿಗೂ ಬಿಡುವಿಲ್ಲದಿರುವುದರಿಂದಲೂ, ಪ್ರಶಸ್ತಿ ನೀಡುವ ಸಮಾರಂಭಕ್ಕೆ ಆಟಗಾರರ ಮನೆಯವರು ಬರಲು ಅನುಕೂಲವಾಗುವ ಭಾನುವಾರವನ್ನು ಅವರನ್ನೇ ಕೇಳಿ ಗೊತ್ತುಮಾಡಿರಿ. ದೂರದ ಊರುಗಳಿಗೆ ಕೊನೆಯ ಬಸ್ಸು ಹೊರಡುವ ಮೊದಲೇ ಸಮಾರಂಭ ಮುಗಿಯಬೇಕು.

ದೊಡ್ಡ ಟ್ರೋಫಿಗಿಂತ ಅಳತೆಗೆ ಸರಿಹೊಂದುವ ಒಂದು ಜೊತೆ ಬೂಟು ಹೆಚ್ಚು ಉಪಯುಕ್ತ. ಪ್ರಮಾಣಪತ್ರದಲ್ಲಿ ಕೇವಲ ‘ಉತ್ತಮ ಆಟಗಾರ’ ಎನ್ನದೆ, ಯಾವ ಪಂದ್ಯದಲ್ಲಿ ಏನು ಸಾಧಿಸಿದರು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕೊಡವರಲ್ಲಿ ಮನೆಹೆಸರು ಮೊದಲು ಬರುವುದರಿಂದ, ಮುದ್ರಣಕ್ಕೆ ಕಳುಹಿಸುವ ಮುನ್ನ ಪ್ರತಿಯೊಂದು ಹೆಸರನ್ನೂ ಆಟಗಾರರಿಗೇ ತೋರಿಸಿ ಖಚಿತಪಡಿಸಿಕೊಳ್ಳಿರಿ.