ತೊಗರಿ ಕಟ್ಟಿಗೆಯ ಗೆರೆ: ನನ್ನ ಅನುಭವ

ಮೂಲೆಯಲ್ಲಿ ಸಹಿ ಹಾಕದೆ ಕಳುಹಿಸಿದರೂ ಇದು ಇಂಥವನದೇ ವ್ಯಂಗ್ಯಚಿತ್ರ ಎಂದು ಓದುಗರು ಗುರುತಿಸುವ ಹಂತಕ್ಕೆ ನನ್ನ ಗೆರೆ ಸುಮಾರು ಎರಡು ವರ್ಷಗಳಿಂದ ಬಂದಿದೆ. ಇದನ್ನು ನಾನೇ ಹೇಳಿಕೊಳ್ಳುವುದು ಶೋಭೆಯಲ್ಲವೆಂದು ಬಲ್ಲೆ. ಆದರೆ ಕಲಬುರಗಿಯ ನಮ್ಮ ಚಿತ್ರಗಾರರ ಕೂಟದಲ್ಲಿ ನಾನು ತೊಗರಿ ಕಟ್ಟಿಗೆಯ ಲೇಖನಿಯನ್ನು ಮೊದಲು ತೋರಿಸಿದಾಗ ಹಿರಿಯರೊಬ್ಬರು 'ಕಟ್ಟಗಿ ಒಲಿಗಿ ಹಾಕ್ರಿ, ಕೈಯಾಗ ಯಾಕ ಹಿಡೀತೀರಿ' ಎಂದು ಎಲ್ಲರನ್ನೂ ನಗಿಸಿದ್ದರಾದ್ದರಿಂದ, ಅದು ಫಲ ಕೊಟ್ಟ ಬಗೆಯನ್ನು ಬರೆದಿಡುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ. ವೃತ್ತಿಯಿಂದ ನಾನು ನೆಹರೂ ಗಂಜಿನ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಚಿತ್ರ ಬಿಡಿಸುವುದು ರಾತ್ರಿ ಊಟವಾದ ಮೇಲೆ. ನಿಬ್ಬು, ಕುಂಚ, ಕಾರ್ಟ್ರಿಜ್ ಹಾಳೆಗಳ ಪರಿಚಯವಿರುವವರಿಗಾಗಿಯೇ ಬರೆಯುತ್ತಿರುವುದರಿಂದ ಮೂಲಪಾಠಗಳನ್ನು ಬಿಟ್ಟುಬಿಡುತ್ತೇನೆ.

ಎಲ್ಲರಂತೆ ನಾನೂ ಮೊದಲು ಬೆನ್ನು ಹತ್ತಿದ್ದು ಆರ್.ಕೆ. ಲಕ್ಷ್ಮಣರ ಗೆರೆಯನ್ನು. ಮೈಸೂರಿನಲ್ಲಿ ಹುಟ್ಟಿದ, ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದುಕೊಟ್ಟ ಲಕ್ಷ್ಮಣರ ಕುಂಚದಲ್ಲಿ ಒಂದು ವೇಗವಿದೆ. ಆ ವೇಗಕ್ಕಾಗಿ ನಾನು ನಾಲ್ಕೈದು ವರ್ಷ ಒದ್ದಾಡಿದೆ. ಅವರ ಪ್ರಸಿದ್ಧ ಪಾತ್ರ 'ಸಾಮಾನ್ಯ ಮನುಷ್ಯ'ನ (ಕಾಮನ್ ಮ್ಯಾನ್) ಚೌಕಳಿ ಕೋಟನ್ನು ಬಿಚ್ಚಿಸಿ, ಹೆಗಲಿಗೆ ಟವೆಲ್ಲು, ತಲೆಗೆ ರುಮಾಲು ಕೊಟ್ಟು ನನ್ನ ಚಿತ್ರದ ಮೂಲೆಯಲ್ಲಿ ನಿಲ್ಲಿಸಿದರೂ, ನೋಡಿದವರೆಲ್ಲ 'ಲಕ್ಷ್ಮಣರ ಮುದುಕ ಕಲಬುರಗಿಯ ಬಿಸಿಲಿಗೆ ಹೆದರಿ ರುಮಾಲು ಸುತ್ತಿಕೊಂಡಿದ್ದಾನೆ' ಎಂದರು. ಇನ್ನು ಕೆಲವರು ವ್ಯಂಗ್ಯಚಿತ್ರಕಾರ ಬಿ.ವಿ. ರಾಮಮೂರ್ತಿಯವರ 'ಮಿಸ್ಟರ್ ಸಿಟಿಜನ್' ಪಾತ್ರಕ್ಕೆ ಇವನು ಏನಾಗಬೇಕೆಂದು ಕೇಳಿದರು. ಬೇಸರವಾಗಿ ಗೋವಾದ ಮಾರಿಯೊ ಮಿರಾಂಡಾ ಅವರ ಜನಜಂಗುಳಿಯ ಕಡೆ ಹೊರಳಿದೆ. ಶರಣಬಸವೇಶ್ವರ ಜಾತ್ರೆಯ ತೇರಿನ ಸುತ್ತ ಮುನ್ನೂರಕ್ಕೂ ಹೆಚ್ಚು ತಲೆಗಳಿರುವ ಚಿತ್ರವೊಂದನ್ನು ವಾರಕ್ಕೂ ಮೀರಿ ಕೂತು ಬರೆದೆ. ಪತ್ರಿಕೆಯವರು ಅದನ್ನು ಎರಡು ಕಾಲಮ್ಮಿಗೆ ಇಳಿಸಿ ಅಚ್ಚು ಹಾಕಿದಾಗ ತೇರು ಯಾವುದು, ಭಕ್ತರು ಯಾರು ಎಂಬುದು ನನಗೇ ತಿಳಿಯಲಿಲ್ಲ. ಅದಕ್ಕೆ ತದ್ವಿರುದ್ಧವಾಗಿ ಅಬು ಅಬ್ರಹಾಂ ಅವರ ಮಿತಗೆರೆಯನ್ನು ಹಿಡಿದೆ. ರಾಷ್ಟ್ರಪತಿಯವರು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕುವ, ತುರ್ತುಪರಿಸ್ಥಿತಿ ಕಾಲದ 1975ರ ಅವರ ಚಿತ್ರವನ್ನು ನೋಡಿದವರಿಗೆ, ಕೆಲವೇ ಗೆರೆಗಳು ಎಷ್ಟು ಭಾರ ಹೊರಬಲ್ಲವೆಂಬುದು ಗೊತ್ತು. ನಾನೂ ಗೆರೆಗಳನ್ನು ಕಡಿಮೆ ಮಾಡುತ್ತ ಹೋದೆ. ಕೊನೆಗೊಂದು ದಿನ ಉಪಸಂಪಾದಕರು ಫೋನು ಮಾಡಿ 'ಶೀರ್ಷಿಕೆ ಬಂದಿದೆ, ಚಿತ್ರ ಯಾವಾಗ ಕಳಿಸುತ್ತೀರಿ' ಎಂದು ವಿಚಾರಿಸಿದರು.

ಈ ಅವಧಿಯ ಖರ್ಚಿನ ಲೆಕ್ಕವನ್ನು, ಲೆಕ್ಕ ಬರೆಯುವವನೇ ಆದರೂ, ನಾನು ಬರೆದಿಟ್ಟಿಲ್ಲ. ಮನೆಯಲ್ಲಿ ಯಾರ ಕೈಗಾದರೂ ಸಿಕ್ಕೀತೆಂಬ ಭಯವಿತ್ತು. ನೆನಪಿನಿಂದ ಹೇಳುವುದಾದರೆ, ಹೊರದೇಶದ ನಿಬ್ಬುಗಳಿಗೆ ಎರಡೂವರೆ ಸಾವಿರ, ಒಳ್ಳೆಯ ಕೂದಲಿನ ಕುಂಚಗಳಿಗೆ ಮೂರು ಸಾವಿರ, ಟೆಕ್ನಿಕಲ್ ಪೆನ್ನುಗಳ ಪೆಟ್ಟಿಗೆಗೆ ಎರಡು ಸಾವಿರ, ಡ್ರಾಯಿಂಗ್ ಟ್ಯಾಬ್ಲೆಟ್ಟಿಗೆ ಒಂಬತ್ತು ಸಾವಿರ, ಆನ್‌ಲೈನ್ ತರಗತಿಗೆ ಮೂರೂವರೆ ಸಾವಿರ, ಹಾಳೆ ಮತ್ತು ಮಸಿಗೆ ಎಷ್ಟೋ. ಒಟ್ಟು ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಾಗಿರಲಾರದು. ಆಗ ಒಂದು ಚಿತ್ರಕ್ಕೆ ನೂರೈವತ್ತು ರೂಪಾಯಿ ಸಿಗುತ್ತಿತ್ತು, ಅದೂ ಮೂರು ಸಲ ನೆನಪಿಸಿದ ಮೇಲೆ. ಟ್ಯಾಬ್ಲೆಟ್ಟಿನ ಬಗ್ಗೆ ಒಂದೇ ಮಾತು: ಅದರ ಗೆರೆ ತೀರಾ ವಿಧೇಯ. ತಪ್ಪಿದ್ದನ್ನು ಅಳಿಸಿ ಮತ್ತೆ ಎಳೆಯುವ ಸೌಲಭ್ಯವಿದ್ದಾಗ ನಾನು ಪ್ರತಿ ಮೂಗನ್ನೂ ಹತ್ತು ಸಲ ತಿದ್ದುತ್ತಿದ್ದೆ, ಹತ್ತನೆಯದು ಯಾರ ಮೂಗೂ ಆಗಿರುತ್ತಿರಲಿಲ್ಲ. ಈಗ ಅದರಲ್ಲಿ ಮಗಳು ಗಣಿತ ಮಾಡುತ್ತಾಳೆ.

ನಡುವೆ ಬೀದರಿನ ದಾರಿಯನ್ನೂ ತುಳಿದೆ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದಿದರೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುವ ಬಿದರಿ ಕೆಲಸವನ್ನು ನೋಡಿ, ಕಪ್ಪಿನ ಮೇಲೆ ಬಿಳಿಗೆರೆಯೇ ನನ್ನ ಶೈಲಿಯಾಗಬೇಕೆಂದು ನಿರ್ಧರಿಸಿದೆ. ಐವರಿ ಶೀಟಿಗೆ ಮೇಣ ಸವರಿ, ಹನಿ ಸೋಪಿನ ನೀರು ಬೆರೆಸಿದ ಇಂಡಿಯನ್ ಇಂಕನ್ನು ಅದರ ಮೇಲೆ ಬಳಿದು, ಒಣಗಿದ ಮೇಲೆ ಗೋಣಿ ಹೊಲಿಯುವ ದಬ್ಬಣದಿಂದ ಕೆರೆದು ಚಿತ್ರ ತೆಗೆದೆ. ಮೂಲಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು. ಎರಡನ್ನು ಚೌಕಟ್ಟು ಹಾಕಿಸಿ ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ಪತ್ರಿಕೆಯ ತೆಳುಕಾಗದದಲ್ಲಿ ಅಷ್ಟು ಕಪ್ಪು ಬಿದ್ದಾಗ ಬಿಳಿಗೆರೆಗಳು ಅರ್ಧ ಮುಚ್ಚಿಹೋಗಿ, ಮಸಿ ಹಿಂದಿನ ಪುಟದ ಮಾರುಕಟ್ಟೆ ಧಾರಣೆಗೂ ಇಳಿಯಿತು. ಮುಂಗಡಪತ್ರವನ್ನು ಲೇವಡಿ ಮಾಡಿದ್ದ ನನ್ನ ಚಿತ್ರವನ್ನು ನೋಡಿದ ಮಿಲ್ಲಿನ ಹಮಾಲರು ಯಾರು ತೀರಿಕೊಂಡರೆಂದು ಕೇಳಿದರು.

ಇನ್ನೊಂದು ಅಲೆದಾಟ ಸನ್ನತಿಯ ಕಡೆಗೆ. ಅಲ್ಲಿಗೆ ಹತ್ತಿರವೇ ಇರುವ ಭೀಮಾ ತೀರದ ಕನಗನಹಳ್ಳಿಯ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪವೂ ಇದೆ. ಅವನು ಅಶೋಕನೆಂದು ತಿಳಿಯುವುದು ಅಲ್ಲೇ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿರುವ ಹೆಸರಿನಿಂದ. ವ್ಯಕ್ತಿಚಿತ್ರದ ಕೆಳಗೆ ಹೆಸರು ಬರೆಯಬೇಕಾಗಿ ಬಂದರೆ ಕಲಾವಿದ ಸೋತಂತೆ ಎಂದು ನನಗೆ ಬುದ್ಧಿ ಹೇಳುತ್ತಿದ್ದವರ ಬಾಯಿಯನ್ನು ಆ ಫಲಕವೊಂದರಿಂದಲೇ ಮುಚ್ಚಿಸಿದ್ದೇನೆ. ಅಲ್ಲಿ ಕುಳಿತು ಕೆಲವು ಭಾನುವಾರ ಸ್ಕೆಚ್ ಮಾಡಿದ್ದರಿಂದ ಶೈಲಿ ಸಿಗಲಿಲ್ಲ. ಆದರೆ ಇಕ್ಕಟ್ಟಾದ ಜಾಗದಲ್ಲಿ ಹತ್ತು ಜನರನ್ನು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸುವ ಕ್ರಮ ಕೈಗೆ ಹತ್ತಿತು. ಒಂದು ಕಾಲಮ್ಮಿನ ಚಿತ್ರಕ್ಕೆ ಅದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಕಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಮೊದಲು ಹಿಡಿದದ್ದು ಉರ್ದು ಬರೆಯುವವರ ಬಿದಿರಿನ ಕಲಮು. ಅದರ ಓರೆಯಾದ ತುದಿ ಕೊಡುವ ದಪ್ಪ-ಸಣ್ಣ ಗೆರೆ ಎಷ್ಟು ನಿಖರವೆಂದರೆ ನಾನು ಬರೆದ ಶಾಸಕರೂ ಎಮ್ಮೆಗಳೂ ಒಂದೇ ರೀತಿ ಅಲಂಕಾರಿಕ ಅಕ್ಷರಗಳಾಗಿಬಿಟ್ಟವು. ಕಲಮು ಮುರಿದಾಗ ಕೈಗೆ ಸಿಕ್ಕ ಕಡ್ಡಿಗಳನ್ನೆಲ್ಲ ಕೆತ್ತಿ ನೋಡಿದೆ. ಜೋಳದ ದಂಟು ಮಸಿ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಹತ್ತಿ ಕಟ್ಟಿಗೆ ಮಸಿಯನ್ನು ಹಿಡಿಯುವುದೇ ಇಲ್ಲ. ಬೇವಿನ ಕಡ್ಡಿಯ ತುದಿ ನಾರುನಾರಾಗಿ ಹಲ್ಲುಜ್ಜುವುದಕ್ಕಷ್ಟೇ ಯೋಗ್ಯವಾಗುತ್ತದೆ. ತೊಗರಿ ಕಟ್ಟಿಗೆಯ ಹೊರಭಾಗ ಗಟ್ಟಿ, ಒಳಗೆ ಮೆತ್ತನೆಯ ಬೆಂಡು. ಓರೆಯಾಗಿ ಕೊಯ್ದರೆ ಬೆಂಡು ಸ್ವಲ್ಪ ಮಸಿಯನ್ನು ಹಿಡಿದಿಟ್ಟುಕೊಂಡು ಸಣ್ಣಗೆ ಬಿಟ್ಟುಕೊಡುತ್ತದೆ, ಹೊರಗಿನ ಗಟ್ಟಿ ಅಂಚು ಗೆರೆಗೆ ದಿಕ್ಕು ಕೊಡುತ್ತದೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಸಿಕ್ಕಿತಾದರೂ ಕಟ್ಟಿಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ತಕರಾರು.

ರಾಶಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ಒಟ್ಟಿದ ಕಟ್ಟಿಗೆಯಿಂದ ಪೆನ್ಸಿಲ್ಲಿನಷ್ಟು ದಪ್ಪದ ಕವಲುಗಳನ್ನು ಆರಿಸಿ, ನೆರಳಿನಲ್ಲಿ ಎರಡು ತಿಂಗಳಾದರೂ ಇಡಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಕೊಯ್ಯುವ ಮುಂಚೆ ನಾನು ಅವುಗಳಿಗೊಂದು ಸಣ್ಣ ಉಪಚಾರ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯಲಾರೆ. ನಿಬ್ಬಿನಂತೆ ತುದಿಯನ್ನು ಸೀಳುವ ಅಗತ್ಯವಿಲ್ಲ. ಒಂದು ಸಲ ಅದ್ದಿದರೆ ನಾಲ್ಕೈದು ಅಂಗುಲದ ಗೆರೆ ಬರುತ್ತದೆ: ಮೊದಲ ಅಂಗುಲ ದಟ್ಟ ಕಪ್ಪು, ಮುಂದೆ ತೆಳು, ಕೊನೆಯ ಅಂಗುಲ ಬಿರುಕು ಬಿಟ್ಟ ಎರೆಭೂಮಿಯಂತೆ ತುಂಡುತುಂಡು. ಕೂಟದವರು ಲೇಖನಿಯ ದೋಷವೆಂದು ಎತ್ತಿ ತೋರಿಸಿದ್ದು ಆ ಕೊನೆಯ ಅಂಗುಲವನ್ನೇ. ನನ್ನ ಶೈಲಿ ಹುಟ್ಟಿದ್ದೂ ಅಲ್ಲಿಯೇ. ಗೆರೆ ಎಲ್ಲಿ ಸಾಯುತ್ತದೆಂಬುದು ಮೊದಲೇ ಗೊತ್ತಿರುವುದರಿಂದ ಯಾರನ್ನು ಯಾವ ಮಸಿಯಲ್ಲಿ ಬರೆಯಬೇಕೆಂದು ಯೋಚಿಸಿಯೇ ಅದ್ದಬೇಕಾಗುತ್ತದೆ. ಕಚೇರಿಯ ಸಾಹೇಬರ ಹೊಟ್ಟೆಯನ್ನು ಆಗತಾನೆ ಅದ್ದಿದ ದಟ್ಟ ಗೆರೆಯಲ್ಲಿ ಒಂದೇ ಎಳೆತಕ್ಕೆ ಮುಗಿಸುತ್ತೇನೆ. ಮೇಜಿನ ಈಚೆ ಅರ್ಜಿ ಹಿಡಿದು ನಿಂತವನ ಪಾಲಿಗೆ ಅದೇ ಅದ್ದುವಿಕೆಯ ಉಳಿದ ಒಣಮಸಿ. ಸಾಹೇಬರ ಬೆನ್ನಿನಿಂದ ಹೊರಟ ಗೆರೆ ಅರ್ಜಿದಾರನ ಕಾಲಿಗೆ ಬರುವಷ್ಟರಲ್ಲಿ ಅರ್ಧ ಕಾಣೆಯಾಗಿರುತ್ತದೆ. ಹೀಗೆ ಬರೆದ ಮೊದಲ ಚಿತ್ರಕ್ಕೆ ನಾನು ಶೀರ್ಷಿಕೆ ಬರೆದಿದ್ದೆ; ಸಂಪಾದಕರು ಅದನ್ನು ತೆಗೆದುಹಾಕಿ ಬರಿಯ ಚಿತ್ರವನ್ನೇ ಪ್ರಕಟಿಸಿದರು, ಮೂಲೆಯ ಸಹಿಯೂ ಶೀರ್ಷಿಕೆಯೊಂದಿಗೆ ಕತ್ತರಿಸಿಹೋಗಿತ್ತು. ಆದರೂ ಮರುದಿನ ಗಂಜಿನಲ್ಲಿ ಮೂವರು ಅಡತಿದಾರರು ನನ್ನನ್ನು ತಡೆದು ನಿಲ್ಲಿಸಿ, ಆ ಸಾಹೇಬರು ತಮ್ಮಲ್ಲಿ ಯಾರೆಂದು ಕೇಳಿದರು.

ಮಸಿಯ ಮಾತೂ ಮುಖ್ಯ. ಅಂಗಡಿಯ ಇಂಡಿಯನ್ ಇಂಕಿನಲ್ಲಿರುವ ಅರಗು ಬೆಂಡಿನ ರಂಧ್ರಗಳನ್ನು ಕಟ್ಟಿಬಿಡುವುದರಿಂದ ಲೇಖನಿ ಒಂದು ರಾತ್ರಿಗಷ್ಟೇ ಬಾಳುತ್ತಿತ್ತು. ಫೌಂಟನ್ ಪೆನ್ನಿನ ಮಸಿ ಹರಿಯುತ್ತದೆ, ಆದರೆ ಸ್ಕ್ಯಾನ್ ಮಾಡಿದಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಹಳೆಯ ಕಾಲದವರಂತೆ ಕುಸುಬೆ ಎಣ್ಣೆಯ ದೀಪದಿಂದ ಹಿಡಿದ ಕಾಡಿಗೆಗೆ ಜಾಲಿಯ ಅಂಟು ಅರೆದು ಸೇರಿಸಿದೆ. ಅಂಟು ಹೆಚ್ಚಾದರೆ ಗೆರೆ ಹೊಳೆಯುತ್ತದೆ, ಕಡಿಮೆಯಾದರೆ ಒರೆಸಿದಾಗ ಕೈಗೆ ಬರುತ್ತದೆ. ಪ್ರಮಾಣ ನನ್ನಲ್ಲಿಯೇ ಇರಲಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ನಲವತ್ತೆರಡು, ನಲವತ್ತಮೂರು ಡಿಗ್ರಿ ದಾಟಿದಾಗ ಮಸಿ ಲೇಖನಿಯ ತುದಿಯಲ್ಲೇ ಒಣಗುವುದರಿಂದ ಆ ಎರಡು ತಿಂಗಳು ನೀರಿನ ಅಳತೆ ಬೇರೆ. ಮಸಿಕುಡಿಕೆಯಲ್ಲಿ ರೇಷ್ಮೆ ಎಳೆಗಳ ಸಣ್ಣ ಉಂಡೆಯನ್ನು ಮುಳುಗಿಸಿಡುವ ಉರ್ದು ಲಿಪಿಕಾರರ ಪದ್ಧತಿಯನ್ನು ನಾನೂ ಎತ್ತಿಕೊಂಡೆ. ಲೇಖನಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಮಸಿಯನ್ನು ಎತ್ತುವುದರಿಂದ, ಗೆರೆ ಎಲ್ಲಿ ಸಾಯುವುದೆಂಬ ನನ್ನ ಲೆಕ್ಕ ಈಗ ತಪ್ಪುವುದು ಅಪರೂಪ. ಕುಸುಬೆಯ ಬದಲು ಸೇಂಗಾ ಎಣ್ಣೆಯ ಕಾಡಿಗೆಯನ್ನೂ ಹಿಡಿದು ನೋಡಿದೆ. ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ, ಅಡುಗೆಮನೆಯ ಗೋಡೆ ಮಾತ್ರ ಕಪ್ಪಾಯಿತು.

ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುತ್ತೇನೆ. ಎರಡು ಪಟ್ಟು ಬರೆದರೆ ಒಡೆದ ಗೆರೆಯ ಸಣ್ಣ ಬಿರುಕುಗಳು ಇಳಿಸುವಾಗ ಮುಚ್ಚಿಹೋಗುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುವ ಅಭ್ಯಾಸವಿರುವವರು ಈ ಲೇಖನಿಯ ಆಸೆಯನ್ನು ಬಿಡುವುದು ಒಳ್ಳೆಯದು. ಸ್ಕ್ಯಾನರಿನಲ್ಲಿ ಆರುನೂರು ಡಿಪಿಐಗೆ (ಅಂಗುಲಕ್ಕೆ ಆರುನೂರು ಚುಕ್ಕಿ) ಬೂದುಛಾಯೆಯಲ್ಲಿ ಎತ್ತಿಕೊಂಡು ಆಮೇಲೆ ಶುದ್ಧ ಕಪ್ಪು-ಬಿಳುಪಿಗೆ ತಿರುಗಿಸಿದರೆ ಮಾತ್ರ ಕೊನೆಯ ಅಂಗುಲ ಉಳಿಯುತ್ತದೆ. ನೆರಳು ತೋರಿಸಲು ಅಡ್ಡಡ್ಡ ಗೆರೆ ಎಳೆಯುವ ಕ್ರಾಸ್ ಹ್ಯಾಚಿಂಗನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದೇನೆ, ಏಕೆಂದರೆ ಒಣಗೆರೆಯ ಮೇಲೆ ಒಣಗೆರೆ ಬಿದ್ದರೆ ಪತ್ರಿಕೆಯ ಕಾಗದದಲ್ಲಿ ಕೊಳೆಯಾಗಿಯೇ ಕಾಣುತ್ತದೆ.

ಈಗ ಸ್ಥಳೀಯ ಪತ್ರಿಕೆ ಒಂದು ಚಿತ್ರಕ್ಕೆ ನಾನೂರು ಕೊಡುತ್ತದೆ, ಬೆಂಗಳೂರಿನ ಮಾಸಪತ್ರಿಕೆಯೊಂದು ಎಂಟುನೂರರ ಆಸುಪಾಸು. ಲೇಖನಿಗೆ ಖರ್ಚಿಲ್ಲ, ಎಣ್ಣೆ, ಅಂಟು, ಹಾಳೆ ಸೇರಿ ತಿಂಗಳಿಗೆ ನೂರು ರೂಪಾಯಿ ಆಗಬಹುದು. ಕಳೆದುಕೊಂಡ ಇಪ್ಪತ್ತೈದು ಸಾವಿರ ಇನ್ನೂ ಪೂರ್ತಿ ಮರಳಿ ಬಂದಿಲ್ಲ, ಮುಂದಿನ ಸುಗ್ಗಿಯ ಹೊತ್ತಿಗೆ ಬಂದೀತು. ಮದುವೆ ಮನೆಗಳಲ್ಲಿ ಅತಿಥಿಗಳ ಮುಖಚಿತ್ರ ಬರೆದುಕೊಡುವ ಕೆಲಸಕ್ಕೆ ಮಾತ್ರ ಹಳೆಯ ಬ್ರಷ್ ಪೆನ್ನನ್ನೇ ಒಯ್ಯುತ್ತೇನೆ. ಅಲ್ಲಿ ಐದು ನಿಮಿಷಕ್ಕೊಂದು ಮುಖ ಮುಗಿಯಬೇಕು, ಮಸಿ ಒಣಗುವವರೆಗೆ ಯಾರೂ ಕಾಯುವುದಿಲ್ಲ, ಜೊತೆಗೆ ಬೀಗರನ್ನು ಒಣಗೆರೆಯಲ್ಲಿ ಬರೆದರೆ ಸಂಭಾವನೆ ಕೈಗೆ ಬರುವ ಭರವಸೆಯಿಲ್ಲ.